ಕ್ರಿಸ್‌ಮಸ್ ಸಂತೆಗೆ ಹೋಗಬೇಕಾದದ್ದು ಕ್ರಿಸ್‌ಮಸ್ಸಿಗೆ ಮೊದಲು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಯುರೋಪಿನ ಚಳಿಗಾಲದ ಪ್ರವಾಸವನ್ನು ಕುರಿತ ಲೇಖನವನ್ನು ನಾನೂ ನಮ್ಮ ಮನೆಯವರೂ ಒಟ್ಟಿಗೆ ಕುಳಿತು ಓದಿದೆವು. ಜರ್ಮನಿಯ ಕ್ರಿಸ್‌ಮಸ್ ಸಂತೆಗಳ ವಿಷಯ ಕನ್ನಡದ ಓದುಗರಿಗೆ ಇಷ್ಟು ವಿಸ್ತಾರವಾಗಿ ತಲುಪಿದ್ದು ಸಂತೋಷದ ಸಂಗತಿ. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವೇ ಈ ಸಂತೆಗಳನ್ನು ನೋಡಲು ಪ್ರಶಸ್ತವಾದ ಕಾಲವೆಂದು ಅದರಲ್ಲಿ ಬರೆದಿರುವುದು ಸರಿಯಲ್ಲ. ಆ ವಾರ ಹೋದವರಿಗೆ ಬಹುಪಾಲು ಊರುಗಳಲ್ಲಿ ಸಂತೆ ನಡೆದಿದ್ದ ಖಾಲಿ ಚೌಕ ಮಾತ್ರ ಕಾಣುತ್ತದೆ. ಅದೇ ಪುಟದ ಕೆಳಗೆ ಡಿಸೆಂಬರ್ 23ರಂದು ಬೆಂಗಳೂರಿನಿಂದ ಹೊರಡುವ ‘ಕ್ರಿಸ್‌ಮಸ್ ಮಾರ್ಕೆಟ್ ಟೂರ್’ ಒಂದರ ಜಾಹೀರಾತೂ ಇದ್ದುದರಿಂದ, ತಿಳಿದೂ ಸುಮ್ಮನಿರುವುದು ತಪ್ಪಾಗುತ್ತದೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಸ್ಥಳವಿದ್ದಷ್ಟು ಪ್ರಕಟಿಸಬೇಕಾಗಿ ವಿನಂತಿ.

ಈ ತಪ್ಪಿಗೆ ನಾವೇ ಬೆಲೆ ತೆತ್ತವರು. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು, ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು. ಇಬ್ಬರೂ ಸೇರಿ ಒಮ್ಮೆಯಾದರೂ ಹೊರದೇಶ ನೋಡಬೇಕೆಂದು ಹಲವು ವರ್ಷ ಕೂಡಿಟ್ಟ ಹಣದಲ್ಲಿ, ಕಳೆದ ವರ್ಷ ಪ್ರವಾಸ ಸಂಸ್ಥೆಯೊಂದಕ್ಕೆ ಇಂಥದೇ ಒಂದು ಪ್ರವಾಸಕ್ಕೆ ಮುಂಗಡ ಕಟ್ಟಿದ್ದೆವು. ವಿವರಪತ್ರದಲ್ಲಿ ದೀಪಗಳಿಂದ ತುಂಬಿದ ಚೌಕಗಳ ಚಿತ್ರಗಳಿದ್ದವು. ನಾವು ನ್ಯೂರೆಂಬರ್ಗ್ ನಗರಕ್ಕೆ ತಲುಪುವ ದಿನ ಡಿಸೆಂಬರ್ 25 ಎಂದಿತ್ತು. ಆ ನಗರದ ಪಕ್ಕದ ಎರ್ಲಾಂಗೆನ್‌ನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದಾಗ ಅವನು ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, ‘ದೊಡ್ಡಮ್ಮ, ಇಪ್ಪತ್ತೈದಕ್ಕೆ ಬಂದು ಏನು ನೋಡ್ತೀರಿ? ಹಿಂದಿನ ದಿನ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿರ್ತಾರೆ’ ಎಂದ. ಸಂಸ್ಥೆಯವರನ್ನು ಕೇಳಿದರೆ, ಕಟ್ಟಡಗಳು ಎಲ್ಲಿಗೂ ಹೋಗುವುದಿಲ್ಲವಲ್ಲ, ಅಲಂಕಾರವೂ ಇದ್ದೇ ಇರುತ್ತದೆ ಎಂಬ ಉತ್ತರ ಬಂತು. ಮುಂಗಡದಲ್ಲಿ ಅರ್ಧದಷ್ಟು ಕಳೆದುಕೊಂಡು ಆ ಪ್ರವಾಸವನ್ನು ಕೈಬಿಟ್ಟೆವು. ಹುಡುಗನ ಸಲಹೆಯಂತೆ ನವೆಂಬರ್ ಕೊನೆಗೆ ನಾವೇ ಹೊರಟು ಹನ್ನೆರಡು ದಿನ ಅಲ್ಲಿದ್ದು ಬಂದೆವು.

ಈ ಸಂತೆಗಳು ಹಬ್ಬದ ದಿನ ಏಕೆ ಇರುವುದಿಲ್ಲ ಎಂಬುದು ನಮ್ಮವರಿಗೆ ಅರ್ಥವಾಗದ ಸಂಗತಿಯೇನಲ್ಲ. ಗಣೇಶನ ಹಬ್ಬವೂ ಕಳೆದ ಮೇಲೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಗೌರಿ ಬಾಗಿನದ ಮೊರ ಕೊಡಿ ಎಂದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಹಬ್ಬಕ್ಕೆ ಬೇಕಾದದ್ದನ್ನು ಮಾರಲೆಂದೇ ನೆರೆದ ಸಂತೆ ಹಬ್ಬ ಬಂದೊಡನೆ ಮುಗಿಯುತ್ತದೆ, ಜರ್ಮನಿಯಲ್ಲಿಯೂ ಹಾಗೆಯೇ. ಕ್ರಿಸ್‌ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಅಡ್ವೆಂಟ್ ಎಂದು ಹೆಸರು. ಹಿಂದಿನ ಕಾಲದಲ್ಲಿ ಅದು ಉಪವಾಸದ, ಕಾಯುವಿಕೆಯ ಅವಧಿ. ಮೊದಲ ಅಡ್ವೆಂಟ್ ಭಾನುವಾರವು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಅದರ ಹಿಂದಿನ ಭಾನುವಾರ ಪ್ರಾಟೆಸ್ಟೆಂಟರು ಗತಿಸಿದವರನ್ನು ನೆನೆಯುವ ದಿನ. ಆ ದಿನ ಕಳೆಯುವವರೆಗೆ ದೀಪ ಹಚ್ಚಿ ಸಂತೆ ತೆರೆಯುವುದು ಯೋಗ್ಯವಲ್ಲವೆಂಬ ಭಾವನೆ ಇರುವುದರಿಂದ, ಹೆಚ್ಚಿನ ಊರುಗಳಲ್ಲಿ ಸಂತೆ ಆಮೇಲೆಯೇ ಆರಂಭವಾಗುತ್ತದೆ. ಡಿಸೆಂಬರ್ 24ರ ಸಂಜೆಯೇ ಅವರ ಹಬ್ಬದ ಮುಖ್ಯ ಹೊತ್ತು. ಅಂದು ಮಧ್ಯಾಹ್ನದ ಹೊತ್ತಿಗೆ ಪೇಟೆ ಮುಚ್ಚುತ್ತದೆ, ಜನ ಮನೆ ಸೇರುತ್ತಾರೆ. 25 ಮತ್ತು 26 ಎರಡೂ ರಜೆ. ಬರ್ಲಿನ್‌ನಂಥ ದೊಡ್ಡ ನಗರದಲ್ಲಿ ಕೆಲವು ಸಂತೆಗಳು ಹೊಸ ವರ್ಷದವರೆಗೂ ನಡೆಯುವುದುಂಟು, ಆದರೆ ಹೆಸರಾಂತ ಹಳೆಯ ಸಂತೆಗಳು ಹಾಗಲ್ಲ.

ಅಲ್ಲಿನ ಮನೆಗಳಲ್ಲಿ ಈ ಕಾಯುವಿಕೆಗೆಂದೇ ಮಾಡಿಕೊಂಡ ವಸ್ತುಗಳಿವೆ. ನನ್ನ ತಂಗಿಯ ಮಗನ ಮನೆಯಲ್ಲಿಯೂ ಮೇಜಿನ ಮೇಲೆ ಹಸಿರು ಕೊಂಬೆಗಳ ಒಂದು ಬಳೆ, ಅದರ ಮೇಲೆ ನಾಲ್ಕು ಮೇಣದ ಬತ್ತಿಗಳಿದ್ದವು; ವಾರಕ್ಕೊಂದರಂತೆ ಹಚ್ಚುತ್ತಾರೆ. 1839ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಬಡಮಕ್ಕಳ ಆಶ್ರಮವೊಂದನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖೆರ್ನ್ ಎಂಬ ಪಾದ್ರಿ, ಹಬ್ಬಕ್ಕೆ ಇನ್ನೆಷ್ಟು ದಿನವೆಂದು ದಿನಾ ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿ ಎಣಿಸಲು ಕಲಿಸಿದ್ದೇ ಇದರ ಮೂಲ. ಅವನ ಚಕ್ರದಲ್ಲಿ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಬತ್ತಿ ಇದ್ದವು. ನಾವು ಹೋದ ವಾರ ಮೊದಲ ಬತ್ತಿಯನ್ನು ಹಚ್ಚಿದ್ದನ್ನೂ ಎರಡನೆಯ ವಾರ ಎರಡನೆಯದನ್ನು ಹಚ್ಚಿದ್ದನ್ನೂ ನೋಡಿದೆವು. 25ಕ್ಕೆ ಹೋಗಿದ್ದರೆ ನಾಲ್ಕೂ ಕರಗಿ ಮುಗಿಯುತ್ತ ಬಂದಿರುತ್ತಿದ್ದವು.

ನ್ಯೂರೆಂಬರ್ಗಿನ ಸಂತೆಯು ಮೊದಲ ಅಡ್ವೆಂಟ್ ಭಾನುವಾರದ ಹಿಂದಿನ ಶುಕ್ರವಾರ ಸಂಜೆ ತೆರೆಯುತ್ತದೆ. ನಾವು ಮಧ್ಯಾಹ್ನ 3 ಗಂಟೆಗೇ ಮುಖ್ಯ ಚೌಕಕ್ಕೆ ಹೋಗಿ ನಿಂತೆವು. ಆ ಕಾಲದಲ್ಲಿ ಅಲ್ಲಿ 4 ಗಂಟೆ ಕಳೆಯುತ್ತಿದ್ದಂತೆ ಸೂರ್ಯ ಮುಳುಗುತ್ತಾನೆಂಬುದು ಓದಿ ತಿಳಿದಿದ್ದರೂ, ಕಣ್ಣೆದುರೇ ಹಗಲು ಅಷ್ಟು ಬೇಗ ಆರಿಹೋದದ್ದು ನಮಗೆ ವಿಚಿತ್ರವೆನಿಸಿತು. ಐದೂವರೆಗೆ ಚೌಕದ ದೀಪಗಳೆಲ್ಲ ಆರಿದವು. ಸಾವಿರಾರು ಜನ ಸದ್ದಿಲ್ಲದೆ ನಿಂತರು. ಚೌಕದಂಚಿನ ಫ್ರೌಯೆನ್‌ಕಿರ್ಖೆ ಎಂಬ ಇಗರ್ಜಿಯ ಮೇಲಂತಸ್ತಿನಲ್ಲಿ ಬಿಳಿ ಬಂಗಾರದ ಉಡುಪು, ಗುಂಗುರು ಹೊಂಗೂದಲು, ಕಿರೀಟ ತೊಟ್ಟ ಯುವತಿಯೊಬ್ಬಳು ಕಾಣಿಸಿಕೊಂಡು ಸ್ವಾಗತದ ಪದ್ಯವನ್ನು ಹೇಳಿದಳು. ಅವಳನ್ನು ಕ್ರಿಸ್ಟ್‌ಕಿಂಡ್, ಅಂದರೆ ಶಿಶುಕ್ರಿಸ್ತ, ಎಂದು ಕರೆಯುತ್ತಾರೆ. ಅದೇ ಊರಿನ 16ರಿಂದ 19 ವರ್ಷದೊಳಗಿನ ಹುಡುಗಿಯರಲ್ಲಿ ಒಬ್ಬಳನ್ನು ಎರಡು ವರ್ಷಗಳಿಗೊಮ್ಮೆ ಆರಿಸುತ್ತಾರೆ. ಅವಳು ಆ ತಿಂಗಳೆಲ್ಲ ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ಹೋಗಿಬರುತ್ತಾಳೆ. ನಮ್ಮ ಓದುಗರಿಗೆ ತಿಳಿದಿರಲೆಂದು ಹೇಳುತ್ತೇನೆ: 2019ರಲ್ಲಿ ಹೀಗೆ ಆಯ್ಕೆಯಾದ ಹುಡುಗಿಯ ತಂದೆ ಭಾರತದಿಂದ ಅಲ್ಲಿಗೆ ಹೋಗಿ ನೆಲೆಸಿದವರು. ಆಗ ಬಲಪಂಥೀಯ ಪಕ್ಷವೊಂದರ ಸ್ಥಳೀಯ ಘಟಕದವರು ಅವಳ ಬಣ್ಣವನ್ನು ಹಿಡಿದು ಹೀನಾಯವಾಗಿ ಬರೆದರು. ಊರಿಗೆ ಊರೇ ಆ ಹುಡುಗಿಯ ಬೆನ್ನಿಗೆ ನಿಂತಿತು. ಮಾರನೆಯ ವರ್ಷವೂ ಅದರ ಮರುವರ್ಷವೂ ಕೊರೊನಾದಿಂದ ಸಂತೆಯೇ ನಡೆಯಲಿಲ್ಲ.

ಈ ಸಂತೆ ಎಂದಿನಿಂದ ನಡೆಯುತ್ತಿದೆ ಎಂಬುದಕ್ಕೆ ದೊರೆತಿರುವ ಅತಿ ಹಳೆಯ ಸಾಕ್ಷಿ, 1628ರ ಇಸವಿಯನ್ನು ಬರೆದಿರುವ, ಹೂಬಳ್ಳಿಯ ಚಿತ್ತಾರದ ಒಂದು ಮರದ ಡಬ್ಬಿ. ಅದು ಆ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಈಗ ಸುಮಾರು 180 ಮರದ ಮಳಿಗೆಗಳು ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದ್ದು ಸಾಲಾಗಿ ನಿಲ್ಲುತ್ತವೆ. ಪ್ಲಾಸ್ಟಿಕ್ಕಿನ ಹಸಿರು ತೋರಣ, ಧ್ವನಿವರ್ಧಕದಲ್ಲಿ ಹಾಕುವ ಹಾಡು, ಯುದ್ಧದ ಆಟಿಕೆ, ಇವು ಅಲ್ಲಿ ಬೇಡವೆಂದು ನಗರಾಡಳಿತ ನಿಯಮ ಮಾಡಿದೆ. ಆದ್ದರಿಂದ ಅಷ್ಟು ಜನಜಂಗುಳಿಯಲ್ಲಿಯೂ ಪಕ್ಕದವರ ಮಾತು ಕೇಳಿಸುತ್ತದೆ. ಜಾತ್ರೆಯೆಂದರೆ ಕಿವಿ ಗಡಚಿಕ್ಕುವ ಮೈಕು ಎಂದು ಒಗ್ಗಿಹೋಗಿರುವ ನಮಗೆ ಆ ಮೊದಲ ಸಂಜೆ ಏನೋ ಕಡಮೆಯಾಗಿದೆ ಅನ್ನಿಸಿತು. ಮೂರನೆಯ ಸಂಜೆಗೆ ಅದೇ ಹಿತವಾಗಿತ್ತು. ಚೆನ್ನಾಗಿ ಸಿಂಗರಿಸಿದ ಮಳಿಗೆಗಳಿಗೆ ನಗರವೇ ಬಹುಮಾನ ಕೊಡುತ್ತದೆ. ಒಣಗಿಸಿದ ಪ್ಲಮ್ ಹಣ್ಣುಗಳನ್ನು ತಂತಿಗೆ ಪೋಣಿಸಿ ಕೈಕಾಲು ಮಾಡಿ, ಬಟ್ಟೆ ತೊಡಿಸಿದ ಪುಟ್ಟ ಬೊಂಬೆಗಳು ಆ ಊರಿನ ವಿಶೇಷ. ಬಹುಮಾನಕ್ಕೂ ಆ ಬೊಂಬೆಯದೇ ಹೆಸರು.

ಇತಿಹಾಸದ ಮೇಷ್ಟರಾಗಿ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಆ ಸುಂದರ ಚೌಕ ಮೊದಲು ಯಹೂದಿಗಳ ಕೇರಿಯಾಗಿತ್ತು. 1349ರಲ್ಲಿ ಆ ಕೇರಿಯನ್ನು ನಾಶಮಾಡಿ, 562 ಜನರನ್ನು ಕೊಂದು, ಅಲ್ಲಿ ಪೇಟೆಗೆ ಜಾಗ ಮಾಡಿದರು. ಅವರ ಪ್ರಾರ್ಥನಾ ಮಂದಿರವಿದ್ದಲ್ಲಿಯೇ ಫ್ರೌಯೆನ್‌ಕಿರ್ಖೆ ಎದ್ದಿತು. 1933ರಲ್ಲಿ ನಾಜಿಗಳು ಈ ಸಂತೆಯನ್ನು ತಮ್ಮ ಮೆರವಣಿಗೆಯ ಭಾಗವಾಗಿಸಿಕೊಂಡು ಇದೇ ಚೌಕಕ್ಕೆ ಮರಳಿ ತಂದರು. 1945ರ ಜನವರಿ 2ರ ರಾತ್ರಿಯ ಬಾಂಬ್ ದಾಳಿಯಲ್ಲಿ ಹಳೆಯ ಊರು ಬಹುತೇಕ ನೆಲಸಮವಾಯಿತು. ಆ ಅವಶೇಷಗಳ ನಡುವೆಯೇ 1948ರಲ್ಲಿ ಸಂತೆ ಮತ್ತೆ ತೆರೆಯಿತು. ಇವತ್ತು ಹೇಳುವ ಸ್ವಾಗತದ ಪದ್ಯ ಬರೆದದ್ದು ಆ ವರ್ಷ. ಇದನ್ನೆಲ್ಲ ಆ ನಗರದವರು ಬಚ್ಚಿಡುವುದಿಲ್ಲ. ಪ್ರವಾಸದ ವಿವರಪತ್ರಗಳು ಮಾತ್ರ ‘ಕಿನ್ನರಲೋಕ’ ಎಂದಷ್ಟೇ ಬರೆಯುತ್ತವೆ. ದೀಪಗಳ ಕೆಳಗೆ ನಿಂತು ಈ ಹಿಂದಿನದನ್ನು ನೆನೆದರೆ ದೀಪದ ಬೆಳಕೇನೂ ಕುಂದುವುದಿಲ್ಲವೆಂದು ನನಗೆ ತೋರುತ್ತದೆ.

ಆ ಊರಿನ ತಿನಿಸು ಲೇಬ್‌ಕೂಖೆನ್. ಅಕ್ಕಿಹಾಳೆಯಷ್ಟು ತೆಳುವಾದ ಬಿಲ್ಲೆಯ ಮೇಲೆ ಬಾದಾಮಿ, ಜೇನು, ಮಸಾಲೆ ಕಲಸಿದ ಹಿಟ್ಟನ್ನು ಹರವಿ ಬೇಯಿಸುತ್ತಾರೆ. ಉತ್ತಮ ಬಗೆಯದರಲ್ಲಿ ಬೀಜಗಳ ಪಾಲು ಕಾಲುಭಾಗಕ್ಕೆ ಕಡಮೆ ಇರಕೂಡದು, ಗೋದಿಹಿಟ್ಟು ಶೇ 10ನ್ನು ಮೀರಕೂಡದು. ಮೊದಲ ತುಂಡು ಬಾಯಿಗಿಟ್ಟೊಡನೆ ನಮ್ಮ ಮನೆಯವರು, ‘ಇದು ನಮ್ಮನೆ ಡಬ್ಬಿದೇ ವಾಸನೆ’ ಎಂದರು. ಏಲಕ್ಕಿ, ಲವಂಗ, ದಾಲ್ಚಿನ್ನಿ, ಕೊತ್ತಂಬರಿಬೀಜ, ಶುಂಠಿ ಎಲ್ಲವೂ ಅದರಲ್ಲಿತ್ತು. ಸುತ್ತಲಿನ ಕಾಡಿನಲ್ಲಿ ಜೇನು ಹೇರಳವಾಗಿದ್ದುದರಿಂದಲೂ, ಮಸಾಲೆಯ ವ್ಯಾಪಾರದ ದಾರಿಗಳು ಆ ಊರಿನಲ್ಲಿ ಕೂಡುತ್ತಿದ್ದುದರಿಂದಲೂ ಈ ತಿನಿಸು ಅಲ್ಲಿ ನೆಲೆಯೂರಿತು. ಹಣವಂತ ವರ್ತಕನನ್ನು ಜರ್ಮನ್ ಮಾತಿನಲ್ಲಿ ‘ಮೆಣಸಿನ ಮೂಟೆ’ ಎಂದು ಹಂಗಿಸುವುದು ಆ ಕಾಲದಿಂದ ಬಂದದ್ದು. 1505ರಲ್ಲಿ ಲಿಸ್ಬನ್ನಿನಿಂದ ಹೊರಟ ಪೋರ್ಚುಗೀಸ್ ನಾಯಕ ಫ್ರಾನ್ಸಿಸ್ಕೊ ದ ಆಲ್ಮೇಡನ ಹಡಗುಪಡೆಗೆ ಹಣ ಹಾಕಿದವರಲ್ಲಿ ನ್ಯೂರೆಂಬರ್ಗಿನ ಹಿರ್ಷ್‌ಫೋಗೆಲ್, ಇಮ್‌ಹೋಫ್ ಮನೆತನಗಳೂ ಇದ್ದವು. ಆ ಪಡೆ ನಮ್ಮ ಕರಾವಳಿಯಲ್ಲಿ ಲಂಗರು ಹಾಕಿದ್ದು ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ. ಅಲ್ಲಿ ಕೋಟೆ ಕಟ್ಟಲು ತೊಡಗಿ, ಆಮೇಲೆ ಹೊನ್ನಾವರದ ಮೇಲೆ ಬಿದ್ದು ಬಂದರಿಗೆ ಬೆಂಕಿ ಇಟ್ಟಿತು. ತರಗತಿಯಲ್ಲಿ ಈ ಪಾಠವನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಅದರ ಇನ್ನೊಂದು ತುದಿ ಹೀಗೆ ಕಾಗದದ ಪೊಟ್ಟಣದಲ್ಲಿ ಕೈಗೆ ಬಂದೀತೆಂದು ಎಣಿಸಿರಲಿಲ್ಲ.

ಅಲ್ಲಿಂದ ರೈಲಿನಲ್ಲಿ ಡ್ರೆಸ್ಡೆನ್‌ಗೆ ಹೋದೆವು. ಸ್ಟ್ರೀಟ್ಸೆಲ್ ಸಂತೆ ಎಂದು ಕರೆಯುವ ಅಲ್ಲಿನ ಸಂತೆ 1434ರಲ್ಲಿ, ಹಬ್ಬದ ಊಟಕ್ಕೆ ಮಾಂಸ ಕೊಳ್ಳಲೆಂದು ಅನುಮತಿಸಿದ ಒಂದೇ ದಿನದ ಪೇಟೆಯಾಗಿ ಆರಂಭವಾದದ್ದು. ಒಣಹಣ್ಣು ಸೇರಿಸಿ ಸುಟ್ಟು ಮೇಲೆ ಸಕ್ಕರೆಪುಡಿ ಮುಚ್ಚಿದ ಸ್ಟೋಲನ್ ಎಂಬ ಉದ್ದನೆಯ ಬ್ರೆಡ್ಡೇ ಅದರ ಹೆಸರಿಗೂ ಕಾರಣ; ಸ್ಟ್ರೀಟ್ಸೆಲ್ ಎಂಬುದು ಆ ಬ್ರೆಡ್ಡಿನ ಹಳೆಯ ಹೆಸರು. ಅಡ್ವೆಂಟ್ ಉಪವಾಸದಲ್ಲಿ ಬೆಣ್ಣೆ ನಿಷಿದ್ಧವಾಗಿದ್ದುದರಿಂದ ಮೊದಮೊದಲು ಅದನ್ನು ಎಣ್ಣೆಯಲ್ಲಿ ಮಾಡುತ್ತಿದ್ದರಂತೆ. ರುಚಿಯೇ ಇಲ್ಲವೆಂದು ಅರಸರು ರೋಮಿಗೆ ಬರೆದು ಬೇಡಿದ ಮೇಲೆ, 1491ರಲ್ಲಿ ಪೋಪ್ 8ನೆಯ ಇನೊಸೆಂಟ್ ಬೆಣ್ಣೆಗೆ ಅಪ್ಪಣೆ ಕೊಟ್ಟರು. ಎರಡನೆಯ ಅಡ್ವೆಂಟ್ ಭಾನುವಾರದ ಹಿಂದಿನ ದಿನ ಟನ್ನುಗಟ್ಟಲೆ ತೂಕದ ಒಂದು ಸ್ಟೋಲನ್ನನ್ನು ಕುದುರೆಗಾಡಿಯಲ್ಲಿ ಮೆರೆಸಿ, ಹೆಣ್ಣಾಳಿನ ಎತ್ತರದ ಚೂರಿಯಿಂದ ಕೊಯ್ದು ಹಂಚುತ್ತಾರೆ. ಅಂದು ನೂಕುನುಗ್ಗಲು ವಿಪರೀತ. ನಮ್ಮ ವಯಸ್ಸಿನವರಿಗೆ ವಾರದ ನಡುವಿನ ದಿನಗಳೇ ಮೇಲು.

ಆದರೆ ನಮ್ಮ ಪ್ರವಾಸದಲ್ಲಿ ಮನಸ್ಸಿಗೆ ಅಂಟಿದ್ದು ದೊಡ್ಡ ನಗರಗಳಲ್ಲ. ಡ್ರೆಸ್ಡೆನ್ನಿನ ದಕ್ಷಿಣಕ್ಕೆ, ಚೆಕ್ ದೇಶದ ಗಡಿಯಲ್ಲಿ ಎರ್ಟ್ಸ್‌ಗೆಬಿರ್ಗೆ ಎಂಬ ಬೆಟ್ಟಸೀಮೆಯಿದೆ. ಹೆಸರಿನ ಅರ್ಥವೇ ಅದಿರಿನ ಬೆಟ್ಟಗಳೆಂದು. ಬೆಳ್ಳಿ, ತವರ ತೆಗೆಯುತ್ತಿದ್ದ ಆ ಗಣಿಸೀಮೆಯನ್ನು ಯುನೆಸ್ಕೊ 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಗಣಿ ಬರಿದಾಗುತ್ತ ಬಂದಂತೆ ಗಣಿಗಾರರು ಹೊಟ್ಟೆಪಾಡಿಗೆ ಮರದ ಕಡೆತಕ್ಕೆ ಇಳಿದರು. ಅಲ್ಲಿನ ಝೈಫೆನ್ ಎಂಬ ಚಿಕ್ಕ ಊರಿನಲ್ಲಿ ಇಂದಿಗೂ ಬೀದಿಯುದ್ದಕ್ಕೂ ಬೊಂಬೆ ಮಾಡುವವರ ಮನೆಗಳಿವೆ. ಜರ್ಮನಿಯ ಎಲ್ಲ ಕ್ರಿಸ್‌ಮಸ್ ಸಂತೆಗಳಲ್ಲಿ ಕಾಣುವ, ಅಕ್ರೋಟಿನಂಥ ಕಾಯಿ ಒಡೆಯುವ ಮರದ ಸಿಪಾಯಿಯ ರೂಪವನ್ನು 1870ರ ಸುಮಾರಿಗೆ ನೆಲೆಗೊಳಿಸಿದವನು ಇದೇ ಊರಿನ ವಿಲ್ಹೆಲ್ಮ್ ಫ್ಯೂಖ್ಟ್ನರ್. ಚಳಿಗಾಲದಲ್ಲಿ ಗಣಿಗಾರರು ಬೆಳಗಾಗುವ ಮುನ್ನ ನೆಲದೊಳಗೆ ಇಳಿದು ಕತ್ತಲಾದ ಮೇಲೆ ಮೇಲೆ ಬರುತ್ತಿದ್ದರು. ವಾರವೆಲ್ಲ ಬಿಸಿಲನ್ನೇ ಕಾಣದ ಆ ಜನರ ಮನೆಗಳ ಕಿಟಕಿಯಲ್ಲಿ ದೀಪ ಹಿಡಿದ ಬೊಂಬೆಗಳನ್ನಿಡುವ ರೂಢಿ ಹುಟ್ಟಿತು. ಮನೆಯಲ್ಲಿ ಎಷ್ಟು ಗಂಡುಮಕ್ಕಳೋ ಅಷ್ಟು ಗಣಿಗಾರ ಬೊಂಬೆ, ಎಷ್ಟು ಹೆಣ್ಣುಮಕ್ಕಳೋ ಅಷ್ಟು ದೇವದೂತೆಯರು. ನಾವು ಬಸ್ಸಿನಿಂದ ಇಳಿದಾಗ ಸಂಜೆ ನಾಲ್ಕೂವರೆ. ಹಿಮದ ಮೇಲೆ ನಡೆಯಲು ಹೆದರಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬೀದಿಯಲ್ಲಿ ಹೋಗುತ್ತ ಕಿಟಕಿ ಕಿಟಕಿಯಲ್ಲಿ ಅವರ ಮಕ್ಕಳನ್ನು ಎಣಿಸಿದೆವು.

ನಾನು ಚನ್ನಪಟ್ಟಣದ ಹುಡುಗಿ. ನನ್ನ ದೊಡ್ಡಪ್ಪನವರು ಲೇತಿನ ಮುಂದೆ ಕುಳಿತು ಹಾಲೆ ಮರದ ತುಂಡನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹರಡುತ್ತಿದ್ದಂತೆ ತಾಳೆಗರಿಯಿಂದ ಮೆರುಗು ಕೊಡುತ್ತಿದ್ದುದನ್ನು ನೋಡುತ್ತ ಬೆಳೆದವಳು. ಆದ್ದರಿಂದ ಮರ ಕಡೆಯುವ ಕೆಲಸ ನನಗೆ ಹೊಸದಲ್ಲವೆಂದುಕೊಂಡು ಅಲ್ಲಿನ ಕಾರ್ಯಾಗಾರವೊಂದರೊಳಗೆ ಹೋದೆ. ಅಲ್ಲಿ ಕಂಡದ್ದು ನಾನೆಂದೂ ಕಾಣದ ಕೆಲಸ. ನಡುವಯಸ್ಸಿನ ಕುಶಲಕರ್ಮಿಯೊಬ್ಬರು ನೀರಿನಲ್ಲಿ ನೆನೆದ ಸ್ಪ್ರೂಸ್ ಮರದ ದಪ್ಪ ಬಿಲ್ಲೆಯೊಂದನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ಗೀರತೊಡಗಿದರು. ಒಂದು ಏಣು, ಒಂದು ತಗ್ಗು, ಮತ್ತೆ ಒಂದು ಏಣು. ಒದ್ದೆ ಹೊಟ್ಟು ಅವರ ತೋಳಿಗೆಲ್ಲ ಹಾರಿ ಅಂಟುತ್ತಿತ್ತು. ಬಿಲ್ಲೆಯನ್ನು ಮಗುಚಿ ಇನ್ನೊಂದು ಮಗ್ಗುಲನ್ನೂ ಹಾಗೆಯೇ ಕಡೆದು ಕಡೆಗೆ ಒಂದು ಉಂಗುರವನ್ನು ಬಿಡಿಸಿ ತೆಗೆದರು. ನೋಡಲು ಅದೊಂದು ಒಡ್ಡೊಡ್ಡಾದ ಸಿಂಬೆ, ಅಷ್ಟೆ. ಅದನ್ನು ಮಣೆಯ ಮೇಲಿಟ್ಟು ಕತ್ತಿಯಿಟ್ಟು ಸುತ್ತಿಗೆಯಿಂದ ತಟ್ಟಿದರು, ಒಂದಿಷ್ಟು ಬಿಟ್ಟು ಮತ್ತೆ ತಟ್ಟಿದರು; ಹೋಳೊಂದು ಬೇರೆಯಾಯಿತು. ಅದನ್ನು ತಿರುಗಿಸಿ ತೋರಿಸಿದಾಗ ಕೊಯ್ದ ಮೈಯಲ್ಲಿ ಕುರಿಯೊಂದು ನಿಂತಿತ್ತು: ನಾಲ್ಕು ಕಾಲು, ಕತ್ತು, ಕಿವಿ ಸಮೇತ. ಆ ಒಂದು ಉಂಗುರದೊಳಗೆ ಅಂಥ ಹತ್ತಾರು ಕುರಿಗಳಿದ್ದವು. ಕಡೆಯುವಾಗ ಅವರಿಗೆ ಅದರ ಆಕಾರ ಎಲ್ಲಿಯೂ ಕಾಣುವುದಿಲ್ಲ. ಕೈಗೆ ಮಾತ್ರ ತಿಳಿದಿರುತ್ತದೆ. ಚನ್ನಪಟ್ಟಣದಲ್ಲಿ ಕುದುರೆಯನ್ನೂ ಮಾಡುತ್ತಾರೆ, ಆದರೆ ಕಡೆದ ಉರುಟು ತುಂಡುಗಳನ್ನು ಜೋಡಿಸಿ ಮಾಡುತ್ತಾರೆ. ತಿರುಗುವ ಮರದೊಳಗಿನಿಂದ ಇಡೀ ಪ್ರಾಣಿಯೇ ಹೊರಬರುವುದನ್ನು ದೊಡ್ಡಪ್ಪ ನೋಡಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ನನ್ನ ಚೀಲದಲ್ಲಿ ತಂಗಿಯ ಮೊಮ್ಮಗನಿಗೆಂದು ಒಯ್ದಿದ್ದ ಬುಗುರಿಗಳಲ್ಲಿ ಒಂದು ಉಳಿದಿತ್ತು. ಅದನ್ನು ಅವರ ಕೈಗಿತ್ತೆ. ಅವರು ಉಗುರಿನಿಂದ ಮೆಲ್ಲನೆ ಕೆರೆದು, ಮೂಸಿ, ಬೆಳಕಿಗೆ ಹಿಡಿದು, ಇದು ಯಾವ ಬಣ್ಣ ಎಂದು ಕೇಳಿದರು. ಜೊತೆಗೆ ಬಂದಿದ್ದ ನನ್ನ ತಂಗಿಯ ಮಗ ಅರಗಿನ ಕೆಲಸವನ್ನು ಜರ್ಮನ್ನಿನಲ್ಲಿ ವಿವರಿಸಿದ. ಕುಂಚವನ್ನೇ ಮುಟ್ಟಿಸದೆ ಹಚ್ಚುವುದೇ ಎಂದು ಅವರು ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡರು. ಅವರು ತಮ್ಮ ಕುರಿಗಳಿಗೆ ಒಂದೊಂದಕ್ಕೂ ಕೈಯಿಂದ ಬಣ್ಣ ಬಳಿಯಬೇಕು. ಬುಗುರಿಯನ್ನು ಮಣೆಯ ಮೇಲೆ ಆಡಿಸಿ ನೋಡಿ ತಮ್ಮ ಕಪಾಟಿನಲ್ಲಿಟ್ಟುಕೊಂಡು, ಬಣ್ಣ ಹಚ್ಚದ, ಇನ್ನೂ ಒದ್ದೆಯಾಗಿದ್ದ ಕುರಿಯ ಹೋಳನ್ನು ನನ್ನ ಅಂಗೈಯಲ್ಲಿಟ್ಟರು. ಅದರ ಹಸಿಮರದ ವಾಸನೆ ಮೈಸೂರಿಗೆ ಬರುವವರೆಗೂ ಕರವಸ್ತ್ರದಲ್ಲಿ ಉಳಿದಿತ್ತು. ಅದೇ ಊರಿನಲ್ಲಿ ಬಾಯಿಯಿಂದ ಹೊಗೆ ಬಿಡುವ ಮುದುಕನ ಬೊಂಬೆಗಳೂ ಸಿಗುತ್ತವೆ. ಒಳಗೆ ಸಣ್ಣ ಧೂಪದ ಬತ್ತಿ ಹಚ್ಚಿಡುತ್ತಾರೆ. ಇದ್ದಿಲು, ಆಲೂಗಡ್ಡೆಯ ಹಿಟ್ಟು, ಧೂಪದ ಅಂಟಿನೊಂದಿಗೆ ಗಂಧದ ಪುಡಿಯನ್ನೂ ಸೇರಿಸಿ ಮಾಡುವ ಆ ಬತ್ತಿಯ ಪರಿಮಳ ಅಗರಬತ್ತಿಯ ಊರಿನಿಂದ ಹೋದ ನಮಗೆ ಎಷ್ಟು ಪರಿಚಿತವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎಲ್ಲ ಸಂತೆಗಳಲ್ಲಿಯೂ ಇಂಥ ಕೈಕೆಲಸವೇ ಇರುತ್ತದೆಂದು ಯಾರೂ ಭಾವಿಸಬಾರದು. ಕಾರ್ಖಾನೆಯ ಅಗ್ಗದ ಸರಕೂ ಧಾರಾಳವಾಗಿದೆ. ಚನ್ನಪಟ್ಟಣದ ರಸ್ತೆಬದಿಯಲ್ಲಿ ನಿಜವಾದ ಅರಗಿನ ಆಟಿಕೆಯನ್ನು ಹೇಗೆ ಕೇಳಿ, ತಿರುವಿ ನೋಡಿ ಕೊಳ್ಳುತ್ತೇವೆಯೋ ಅಲ್ಲಿಯೂ ಹಾಗೆಯೇ ಕೊಳ್ಳಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಾದ ನಮಗೆ ಅಂಥ ತೊಂದರೆಯಾಗಲಿಲ್ಲ. ಆಲೂಗಡ್ಡೆ ತುರಿದು ಕರಿದು ಸೇಬಿನ ಗೊಜ್ಜಿನೊಂದಿಗೆ ಕೊಡುವ ರೊಟ್ಟಿ (ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಬೇಕು), ಸುಟ್ಟ ಚೆಸ್ಟ್‌ನಟ್, ತಾಮ್ರದ ಬಾಣಲೆಯಲ್ಲಿ ಸಕ್ಕರೆ ಪಾಕದಲ್ಲಿ ಹೊರಳಿಸಿದ ಬಿಸಿ ಬಾದಾಮಿ ಎಲ್ಲ ಕಡೆಯೂ ಇದ್ದವು. ಮಸಾಲೆ ಹಾಕಿ ಬಿಸಿಮಾಡಿದ ದ್ರಾಕ್ಷಾರಸವನ್ನು ಎಲ್ಲರೂ ಕುಡಿಯುತ್ತಾರೆ; ಬೇಡವೆನ್ನುವವರಿಗೆ ಮಕ್ಕಳಿಗೆಂದು ಮಾಡುವ, ಮದ್ಯವಿಲ್ಲದ ಹಣ್ಣಿನ ಪಾನೀಯ ಸಿಗುತ್ತದೆ. ಎರಡನ್ನೂ ಪಿಂಗಾಣಿ ಲೋಟದಲ್ಲಿಯೇ ಕೊಡುತ್ತಾರೆ. ಲೋಟಕ್ಕೆ ಠೇವಣಿ ಹಿಡಿದಿರುತ್ತಾರೆ. ಹಿಂತಿರುಗಿಸಿದರೆ ಹಣ ವಾಪಸು, ಬೇಕಾದರೆ ಲೋಟವನ್ನೇ ಇಟ್ಟುಕೊಳ್ಳಬಹುದು. ಇದರಿಂದಾಗಿ ಸಂಜೆಯೆಲ್ಲ ಸಾವಿರಾರು ಜನ ಕುಡಿದ ಚೌಕದಲ್ಲಿ ಒಂದು ಕಾಗದದ ಲೋಟವೂ ಬಿದ್ದಿರಲಿಲ್ಲ. ಸುರಕ್ಷತೆಯ ಬಗ್ಗೆ ಹಲವರು ನಮ್ಮನ್ನು ಕೇಳಿದ್ದಾರೆ. 2016ರಲ್ಲಿ ಬರ್ಲಿನ್ನಿನ ಸಂತೆಗೆ ಲಾರಿ ನುಗ್ಗಿಸಿ, 2024ರಲ್ಲಿ ಮಾಗ್ಡೆಬರ್ಗಿನ ಸಂತೆಗೆ ಕಾರು ನುಗ್ಗಿಸಿ ಜನರನ್ನು ಕೊಂದದ್ದು ನಿಜ. ಈಗ ಚೌಕಗಳ ದಾರಿಗಳಿಗೆ ದಪ್ಪ ಕಾಂಕ್ರೀಟಿನ ಅಡ್ಡಗಟ್ಟೆಗಳನ್ನು ಇಡುತ್ತಾರೆ, ಪೊಲೀಸರು ಓಡಾಡುತ್ತಿರುತ್ತಾರೆ. ನಮಗೆ ಭಯವಾದದ್ದು ಹಿಮದ ಮೇಲೆ ಜಾರುವುದಕ್ಕೆ ಮಾತ್ರ, ಹಿಡಿತವಿರುವ ದಪ್ಪ ಅಡಿಯ ಬೂಟುಗಳಿಗೆ ಖರ್ಚುಮಾಡುವುದರಲ್ಲಿ ಯಾರೂ ಜಿಪುಣತನ ತೋರಬಾರದು.

ತಮ್ಮಲ್ಲಿ ನನ್ನ ಕೋರಿಕೆ ಎರಡು. ಲೇಖನದಲ್ಲಿ ಆಗಿರುವ ತಪ್ಪನ್ನು ಅದೇ ಪುರವಣಿಯಲ್ಲಿ, ಅದೇ ಜಾಗದಲ್ಲಿ ತಿದ್ದಿ ಪ್ರಕಟಿಸಬೇಕು. ಕ್ರಿಸ್‌ಮಸ್ ಸಂತೆಯ ಹೆಸರಿನಲ್ಲಿ ಪ್ರವಾಸ ಮಾರುವ ಜಾಹೀರಾತುಗಳಲ್ಲಿ ಯಾವ ಊರಿಗೆ ಯಾವ ತಾರೀಖು ತಲುಪುತ್ತಾರೆ, ಅಂದು ಆ ಊರಿನ ಸಂತೆ ತೆರೆದಿರುತ್ತದೆಯೇ ಎಂಬ ಎರಡು ಸಾಲುಗಳನ್ನು ಬರೆಯಬೇಕೆಂದು ಜಾಹೀರಾತುದಾರರಿಗೆ ತಾವು ಹೇಳಬೇಕು. ಈ ಪ್ರವಾಸಕ್ಕೆ ಹೊರಡುವವರಲ್ಲಿ ನಮ್ಮಂಥ ಪಿಂಚಣಿದಾರ ದಂಪತಿಗಳು ಬಹಳ. ಅವರು ಎರಡನೆಯ ಸಲ ಹೋಗಲಾರರು. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕೆ 6 ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. 30,000 ಯೂರೊಗೆ ಕಡಮೆಯಿಲ್ಲದ ಆರೋಗ್ಯ ವಿಮೆ ಬೇಕು. ಮಳೆಗಾಲ ಮುಗಿದ ಮೇಲೆ ನೋಡೋಣವೆಂದು ಕುಳಿತರೆ ಅರ್ಜಿ ಕೊಡುವ ದಿನವೇ ಸಿಗುವುದು ಕಷ್ಟ. ಆದ್ದರಿಂದ ಈ ಡಿಸೆಂಬರಿಗೆ ಹೊರಡಬೇಕೆಂದಿರುವವರು ಈ ತಿಂಗಳೇ ಪ್ರವಾಸ ಸಂಸ್ಥೆಯವರ ವಿವರಪತ್ರವನ್ನು ಮುಂದಿಟ್ಟುಕೊಂಡು ತಾರೀಖುಗಳನ್ನು ಒಂದೊಂದಾಗಿ ಕೇಳಲಿ. ನ್ಯೂರೆಂಬರ್ಗಿನ ಸಂತೆ ಮುಚ್ಚುವುದು ಡಿಸೆಂಬರ್ 24ರ ಮಧ್ಯಾಹ್ನ 2 ಗಂಟೆಗೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಮೈಸೂರು